ಬಲ ಹೃದಯ ಹಿಗ್ಗಿದೆ, ರಂಧ್ರ ಕಾಣುತ್ತಿಲ್ಲ: ನಾಲ್ಕು ಅಭಿಧಮನಿಗಳ ಲೆಕ್ಕ

ಎಕೋ ವರದಿಯಲ್ಲಿ ಕೆಲವೊಮ್ಮೆ ಮೂರು ಸಾಲುಗಳು ಒಂದರ ಕೆಳಗೊಂದು ಬಂದಿರುತ್ತವೆ. ಬಲ ಹೃತ್ಕರ್ಣ ಮತ್ತು ಬಲ ಹೃತ್ಕುಕ್ಷಿ ಹಿಗ್ಗಿವೆ. ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ರಂಧ್ರ ಕಂಡುಬಂದಿಲ್ಲ. ಶ್ವಾಸಕೋಶದ ಅಪಧಮನಿಯ ಒತ್ತಡ ತುಸು ಹೆಚ್ಚಿದೆ. ಪರೀಕ್ಷೆಗೆ ಬಂದವರಿಗೆ 40 ದಾಟಿರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಆಗೊಮ್ಮೆ ಈಗೊಮ್ಮೆ ಎದೆ ಹೊಡೆದುಕೊಳ್ಳುವುದು. ಆಸ್ತಮಾ ಎಂದು ಇನ್ಹೇಲರ್ ಕೊಟ್ಟಾಗಿದೆ, ಬರೀ ಆತಂಕ ಎಂದು ಸಮಾಧಾನ ಹೇಳಿಯೂ ಆಗಿದೆ. ಆ ವರದಿಯಲ್ಲಿ ಇನ್ನೊಂದು ಸಾಲು ಇರಬೇಕಿತ್ತು: ಶ್ವಾಸಕೋಶಗಳಿಂದ ಬರುವ ನಾಲ್ಕೂ ಅಭಿಧಮನಿಗಳು ಎಡ ಹೃತ್ಕರ್ಣಕ್ಕೇ ಸೇರುತ್ತಿವೆಯೇ? ಬಲ ಹೃದಯ ಹಿಗ್ಗಿದ್ದೇಕೆ ಎಂಬುದಕ್ಕೆ ಬೇರೆ ಕಾರಣ ಸಿಗದಿದ್ದಾಗ ಈ ನಾಲ್ಕನ್ನೂ ಎಣಿಸದೆ ಕಡತ ಮುಚ್ಚಬಾರದು.

ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಸಾಮಾನ್ಯವಾಗಿ ಬಲದಿಂದ ಎರಡು, ಎಡದಿಂದ ಎರಡು ಅಭಿಧಮನಿಗಳಲ್ಲಿ ಎಡ ಹೃತ್ಕರ್ಣಕ್ಕೆ ಬರುತ್ತದೆ. ಎಡಗಡೆಯ ಎರಡೂ ಒಂದೇ ಬಾಯಿಯಾಗಿ ಸೇರುವುದು, ಬಲಗಡೆ ಮೂರನೆಯ ಪುಟ್ಟ ನಾಳವಿರುವುದು ಕಾಯಿಲೆಯಲ್ಲ, ಮೈಕಟ್ಟಿನ ವ್ಯತ್ಯಾಸ ಅಷ್ಟೆ. ಆದರೆ ಒಂದೋ ಎರಡೋ ನಾಳ ಎಡಕ್ಕೆ ಬರುವ ಬದಲು ಬಲ ಹೃತ್ಕರ್ಣಕ್ಕೆ, ಅಥವಾ ಅಲ್ಲಿಗೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಗೆ ಸೇರಿಬಿಟ್ಟರೆ ಅದು ಜನ್ಮಜಾತ ದೋಷ. ಪಾರ್ಶಿಯಲ್ ಅನಾಮಲಸ್ ಪಲ್ಮನರಿ ವೀನಸ್ ಕನೆಕ್ಷನ್ ಎಂಬ ಉದ್ದನೆಯ ಹೆಸರನ್ನು ವೈದ್ಯರು ಪಿಎಪಿವಿಸಿ ಎಂದು ಮೊಟಕು ಮಾಡುತ್ತಾರೆ. ಶವಪರೀಕ್ಷೆಯ ಲೆಕ್ಕಗಳಲ್ಲಿ ಇದು ಸುಮಾರು ಶೇ. 0.4ರಿಂದ 0.7 ಮಂದಿಯಲ್ಲಿ ಸಿಕ್ಕಿದೆ. ಅಂದರೆ ಬದುಕಿದ್ದಾಗ ಗೊತ್ತೇ ಆಗದೆ ಹೋದವರು ಬಹಳ. ನಾಲ್ಕೂ ದಾರಿ ತಪ್ಪಿದರೆ ಮಾತು ಬೇರೆ. ಅದು ಹುಟ್ಟಿದ ದಿನಗಳಲ್ಲೋ ತಿಂಗಳುಗಳಲ್ಲೋ ಮಗುವನ್ನು ಆಪರೇಷನ್ ಟೇಬಲ್‌ಗೆ ತರುತ್ತದೆ.

ತಪ್ಪು ಆಗುವುದು ಭ್ರೂಣದ ನಾಲ್ಕೈದನೆಯ ವಾರದಲ್ಲಿ. ಶ್ವಾಸಕೋಶ ಮೊಳೆಯುವುದು ಅನ್ನನಾಳವಾಗಲಿರುವ ಕೊಳವೆಯಿಂದ. ಹಾಗಾಗಿ ಮೊದಮೊದಲು ಅದರ ರಕ್ತ ಹರಿದುಹೋಗುವುದು ಮೈಯ ಉಳಿದ ಅಭಿಧಮನಿಗಳಿಗೆ. ಎಡ ಹೃತ್ಕರ್ಣದ ಹಿಂಬದಿಯಿಂದ ಒಂದು ಕವಲು ಚಾಚಿ ಈ ಜಾಲವನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಹಳೆಯ ಕೊಂಡಿಗಳು ಒಣಗಿ ಮಾಯವಾಗುತ್ತವೆ. ಯಾವುದೋ ಒಂದು ಭಾಗದಲ್ಲಿ ಹೊಸ ಕವಲು ತಲುಪದಿದ್ದರೆ ಹಳೆಯ ಕೊಂಡಿಯೇ ಜೀವನಪೂರ್ತಿ ಉಳಿಯುತ್ತದೆ. ದಾರಿ ತಪ್ಪಿದ ನಾಳ ಎಲ್ಲೆಲ್ಲಿಗೋ ಹೋಗುವುದಿಲ್ಲ, ಭ್ರೂಣದಲ್ಲಿ ಮೊದಲಿದ್ದ ದಾರಿಗಳಲ್ಲೇ ಹೋಗುತ್ತದೆ. ಆದ್ದರಿಂದ ಎಲ್ಲಿ ಹುಡುಕಬೇಕು ಎಂಬುದು ಮೊದಲೇ ಗೊತ್ತು.

ಬಲ ಮೇಲ್ಭಾಗದ ನಾಳ ಸಾಮಾನ್ಯವಾಗಿ ತಲೆ ಮತ್ತು ಕೈಗಳ ರಕ್ತ ತರುವ ಮೇಲಿನ ಮಹಾ ಅಭಿಧಮನಿಗೆ, ಅಂದರೆ ಎಸ್‌ವಿಸಿಗೆ ಸೇರುತ್ತದೆ. ಇದರ ಜತೆಗೆ ಎಸ್‌ವಿಸಿ ಮತ್ತು ಎಡ ಹೃತ್ಕರ್ಣ ಒಂದಕ್ಕೊಂದು ತಾಗುವ ಜಾಗದಲ್ಲಿ ಸೈನಸ್ ವೀನೋಸಸ್ ಎಂಬ ರಂಧ್ರವೂ ಹೆಚ್ಚಾಗಿ ಇರುತ್ತದೆ. ಎಡ ಮೇಲ್ಭಾಗದ ನಾಳ ಮಹಾಧಮನಿಯ ಕಮಾನಿನ ಪಕ್ಕದಲ್ಲೇ ನೇರ ಮೇಲೇರಿ, ಎಡಗೈ ಮತ್ತು ಎಡ ಕುತ್ತಿಗೆಯ ರಕ್ತ ತರುವ ಇನಾಮಿನೇಟ್ ಅಭಿಧಮನಿಗೆ ಕೂಡುತ್ತದೆ. ಮೂರನೆಯದು ಅಪರೂಪ: ಬಲ ಶ್ವಾಸಕೋಶದ ರಕ್ತವೆಲ್ಲ ಅಥವಾ ಬಹುಪಾಲು ಒಂದೇ ನಾಳವಾಗಿ ಕೆಳಗಿಳಿದು ಕೆಳಗಿನ ಮಹಾ ಅಭಿಧಮನಿಗೆ, ಐವಿಸಿಗೆ ಬೀಳುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಹೃದಯದ ಬಲ ಅಂಚಿನ ಪಕ್ಕ ಬಾಗಿದ ಕತ್ತಿಯಂತೆ ನೆರಳು ಕಾಣುವುದರಿಂದ ಸಿಮಿಟಾರ್ ಎಂಬ ಹೆಸರು. 1836ರಲ್ಲೇ ಇದರ ವರ್ಣನೆ ಬಂದಿದೆ. ಸುಮಾರು 1 ಲಕ್ಷ ಜನನಕ್ಕೆ 1ರಿಂದ 3 ಇದರ ಪ್ರಮಾಣ, ಜತೆಗೆ ಬಲ ಶ್ವಾಸಕೋಶ ಚಿಕ್ಕದಾಗಿರುವುದು ಸಾಮಾನ್ಯ.

ಹರಿವಿನ ಗಣಿತ

ಒಂದು ನಾಳ ತಪ್ಪಿದರೆ ಎಷ್ಟು ನಷ್ಟ? ಆಮ್ಲಜನಕ ತುಂಬಿದ ರಕ್ತ ಮೈಗೆ ಹೋಗದೆ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ, ಅದೊಂದು ವ್ಯರ್ಥ ಸುತ್ತು. ಮೈಗೆ ನಿಮಿಷಕ್ಕೆ 5 ಲೀಟರ್ ಬೇಕು ಎನ್ನೋಣ. ಶ್ವಾಸಕೋಶದ ಹರಿವಿನಲ್ಲಿ ನಾಲ್ಕನೇ ಒಂದು ಪಾಲು ಬಲಕ್ಕೆ ಮರಳಿದರೆ, ಉಳಿದ ಮುಕ್ಕಾಲು ಪಾಲೇ ಆ 5 ಲೀಟರ್ ಆಗಬೇಕು. ಅಂದರೆ ಬಲ ಹೃದಯ ಸುಮಾರು 6.7 ಲೀಟರ್ ತಳ್ಳಬೇಕು, ಅನುಪಾತ 1.3. ಮೂರನೇ ಒಂದು ಪಾಲು ತಪ್ಪಿದರೆ 7.5 ಲೀಟರ್, ಅನುಪಾತ 1.5. ಅರ್ಧ ತಪ್ಪಿದರೆ 10 ಲೀಟರ್, ಅನುಪಾತ 2. ಹೃತ್ಕರ್ಣದ ಗೋಡೆಯಲ್ಲಿ ರಂಧ್ರವೂ ಇದ್ದರೆ ಅದರ ಹರಿವು ಇದರ ಮೇಲೆ ಕೂಡುತ್ತದೆ. ಶ್ವಾಸಕೋಶದ ಹರಿವನ್ನು ಮೈಯ ಹರಿವಿನಿಂದ ಭಾಗಿಸಿ ಬರುವ ಈ ಸಂಖ್ಯೆಯೇ ಕ್ಯೂಪಿ-ಕ್ಯೂಎಸ್. ಮುಂದಿನ ತೀರ್ಮಾನಗಳೆಲ್ಲ ನಿಲ್ಲುವುದು ಇದರ ಮೇಲೆ. 1.5ರ ಗೆರೆಗೆ ಅಷ್ಟು ಮಹತ್ವ ಯಾಕೆ, ಒಂದೇ ನಾಳ ತಪ್ಪಿದವರು ಬಹುತೇಕ ಯಾಕೆ ಆರಾಮಾಗಿರುತ್ತಾರೆ ಎಂಬ ಎರಡು ಪ್ರಶ್ನೆಗೂ ಈ ಭಾಗಾಕಾರದಲ್ಲೇ ಉತ್ತರವಿದೆ.

ಹಾಗಿದ್ದರೆ 45ರಲ್ಲಿ ಯಾಕೆ ತೊಂದರೆ ಶುರುವಾಗುತ್ತದೆ? ನಾಳ ಹುಟ್ಟಿನಿಂದ ಅಲ್ಲೇ ಇದೆ, ಬದಲಾದದ್ದು ಸುತ್ತಲಿನ ಒತ್ತಡ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಸೇರಿ ಎಡ ಹೃತ್ಕುಕ್ಷಿ ಗಡುಸಾಗುತ್ತದೆ, ಎಡ ಹೃತ್ಕರ್ಣದ ಒತ್ತಡ ಏರುತ್ತದೆ. ಬಲ ಹೃತ್ಕರ್ಣದಲ್ಲಿ ಒತ್ತಡ ಕಡಿಮೆ. ರಕ್ತ ಸಲೀಸಾದ ಕಡೆ ಹರಿಯುವುದರಿಂದ ಬಲಕ್ಕೆ ಖಾಲಿಯಾಗುವ ಶ್ವಾಸಕೋಶದ ಭಾಗಕ್ಕೆ ತನ್ನ ಪಾಲಿಗಿಂತ ಹೆಚ್ಚು ರಕ್ತ ಹೋಗತೊಡಗುತ್ತದೆ. ಅಷ್ಟು ವರ್ಷ ಹೆಚ್ಚುವರಿ ರಕ್ತ ತುಂಬಿ ಹಿಗ್ಗಿದ ಬಲ ಹೃತ್ಕರ್ಣದಲ್ಲಿ ಏಟ್ರಿಯಲ್ ಫ್ಲಟರ್, ಫಿಬ್ರಿಲೇಷನ್‌ಗಳಂಥ ಲಯ ತಪ್ಪುವಿಕೆಯೂ ಸೇರಿಕೊಳ್ಳುತ್ತದೆ.

ಇನ್ನೊಂದು ಗುಂಪಿನವರು ಬೇರೆ ಬಾಗಿಲಿನಿಂದ ಬರುತ್ತಾರೆ. ಯಾವುದೋ ಕೆಮ್ಮಿಗೆ, ಅಪಘಾತಕ್ಕೆ, ಫಿಬ್ರಿಲೇಷನ್ ನಿಲ್ಲಿಸಲು ಹೃದಯದೊಳಗಿನ ಸಣ್ಣ ಜಾಗಗಳನ್ನು ಸುಡುವ ಅಬ್ಲೇಷನ್‌ಗೆ ಮೊದಲು ಮಾಡಿದ ಸಿಟಿಯಲ್ಲಿ ಈ ನಾಳ ಅಚಾನಕ್ಕಾಗಿ ಕಾಣುತ್ತದೆ. ಸಿಟಿ ಹೆಚ್ಚಾದಷ್ಟೂ ಇಂಥವರೂ ಹೆಚ್ಚುತ್ತಿದ್ದಾರೆ. ಇವರಲ್ಲಿ ಎಡ ಮೇಲ್ಭಾಗದ ನಾಳವೇ ಹೆಚ್ಚು. ಕಾಯಿಲೆಯ ಲಕ್ಷಣದಿಂದ ಪತ್ತೆಯಾಗುವವರಲ್ಲಿ ಮಾತ್ರ ಬಲಗಡೆಯದೇ ಮೇಲುಗೈ, ಏಕೆಂದರೆ ಅಲ್ಲಿ ರಂಧ್ರವೂ ಕೂಡಿಕೊಂಡಿರುತ್ತದೆ.

ಎಲ್ಲಿ ಕಣ್ತಪ್ಪುತ್ತದೆ

ಸ್ಟೆತಸ್ಕೋಪ್ ಸುಳಿವು ಕೊಡಬಹುದು, ಕೊಡದೆಯೂ ಇರಬಹುದು. ರಂಧ್ರವಿದ್ದರೆ ಎರಡನೆಯ ಹೃದಯದ ಸದ್ದು ಉಸಿರಿನೊಂದಿಗೆ ಬದಲಾಗದೆ ಒಡೆದೇ ಕೇಳುತ್ತದೆ. ಗೋಡೆ ಗಟ್ಟಿಯಿದ್ದರೆ ಆ ಒಡಕು ಮಾಮೂಲಿನಂತೆ ಉಸಿರಿಗೆ ತಕ್ಕಂತೆ ಬದಲಾಗುವುದುಂಟು. ಇಸಿಜಿಯಲ್ಲಿ ಬಲ ಕವಲಿನ ಅರೆ ತಡೆ ಸಾಮಾನ್ಯ, ಆದರೆ ಅದು ಎಷ್ಟೋ ಆರೋಗ್ಯವಂತರಲ್ಲೂ ಇರುವುದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಬೆಲೆಯುಳ್ಳದ್ದು ಹೃತ್ಕರ್ಣಗಳ ಮಿಡಿತ ತೋರಿಸುವ ಪಿ ಅಲೆ. ಎರಡು, ಮೂರು, ಎವಿಎಫ್ ಲೀಡ್‌ಗಳಲ್ಲಿ ಅದು ತಲೆಕೆಳಗಾಗಿದ್ದರೆ, ಜತೆಗೆ ಬಲ ಹೃದಯವೂ ಹಿಗ್ಗಿದ್ದರೆ, ಸೈನಸ್ ವೀನೋಸಸ್ ರಂಧ್ರದ ಗುಮಾನಿ ಬರಬೇಕು. ಆ ರಂಧ್ರ ಇರುವುದು ಹೃದಯದ ಬಡಿತ ಹುಟ್ಟುವ ಸೈನಸ್ ನೋಡ್‌ನ ನೆರೆಯಲ್ಲೇ.

ಎದೆಯ ಮೇಲಿಂದ ಮಾಡುವ ಮಾಮೂಲಿ ಎಕೋದ ಕಷ್ಟ ದೂರದ್ದು. ವಯಸ್ಕರಲ್ಲಿ ಎಸ್‌ವಿಸಿ ಮತ್ತು ಅಭಿಧಮನಿಗಳ ಬಾಯಿ ಪ್ರೋಬ್‌ನಿಂದ ತೀರ ಹಿಂದೆ, ಆಳದಲ್ಲಿರುತ್ತವೆ, ನಡುವೆ ಗಾಳಿ ತುಂಬಿದ ಶ್ವಾಸಕೋಶ ಬೇರೆ. ಸಾಮಾನ್ಯವಾಗಿ ನೋಡುವ ನಾಲ್ಕು ಕೋಣೆಯ ನೋಟದಲ್ಲಿ ಗೋಡೆಯ ನಡುಭಾಗ ಚೆನ್ನಾಗಿ ಕಾಣುತ್ತದೆ, ಮೇಲ್ತುದಿ ಕಾಣುವುದಿಲ್ಲ. ರಂಧ್ರ ಇಲ್ಲ ಎಂದು ಬರೆದಿರುವುದರ ನಿಜವಾದ ಅರ್ಥ, ನೋಡಿದ ಕಡೆ ಇಲ್ಲ ಎಂದಷ್ಟೆ. ಪಕ್ಕೆಲುಬಿನ ಕೆಳಗಿನಿಂದ ಮತ್ತು ಎದೆಮೂಳೆಯ ಬಲಬದಿಯಿಂದ ಪ್ರೋಬ್ ಇಟ್ಟು ನೋಡಿದರೆ ಸಿಗುವ ಸಾಧ್ಯತೆ ಹೆಚ್ಚುತ್ತದೆ.

ಗುಳ್ಳೆ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಸಲೈನ್ ಅಲುಗಾಡಿಸಿ ಕೈಯ ನಾಳಕ್ಕೆ ಕೊಟ್ಟು, ಗುಳ್ಳೆ ಎಡಕ್ಕೆ ದಾಟುತ್ತದೆಯೇ ನೋಡುವ ಪರೀಕ್ಷೆ ಇದು. ಗೋಡೆ ಗಟ್ಟಿಯಿರುವ ಪಿಎಪಿವಿಸಿಯಲ್ಲಿ ರಕ್ತ ಬಲಕ್ಕೇ ಬರುತ್ತದೆ, ಎಡಕ್ಕೆ ದಾಟಲು ದಾರಿಯೇ ಇಲ್ಲ. ಗುಳ್ಳೆ ದಾಟಲಿಲ್ಲವೆಂದು ಜನ್ಮಜಾತ ದೋಷವಿಲ್ಲ ಎನ್ನುವುದು ತಪ್ಪು ಬಾಗಿಲು ತಟ್ಟಿ, ಮನೆಯಲ್ಲಿ ಯಾರೂ ಇಲ್ಲ ಎಂದಂತೆ.

ಬಾಯಿಯ ಮೂಲಕ ಅನ್ನನಾಳಕ್ಕೆ ಪ್ರೋಬ್ ಇಳಿಸಿ ಮಾಡುವ ಟಿಇಇ ಹಿಂದಿನಿಂದ ನೋಡುತ್ತದೆ, ಅದಕ್ಕೇ ಇಲ್ಲಿ ಅದು ಗಟ್ಟಿ ಸಾಧನ. ಪ್ರೋಬನ್ನು ನಿಧಾನಕ್ಕೆ ಮೇಲೆಳೆಯುತ್ತ ಎಸ್‌ವಿಸಿಯನ್ನು ಅಡ್ಡಕೊಯ್ತದಲ್ಲಿ ನೋಡಬೇಕು. ಸಾಮಾನ್ಯವಾಗಿ ಅದು ದುಂಡಗಿರುತ್ತದೆ. ಬಲ ಮೇಲ್ಭಾಗದ ನಾಳ ಬಂದು ಸೇರುವ ಮಟ್ಟದಲ್ಲಿ ದುಂಡು ಒಂದು ಕಡೆ ಚೂಪಾಗಿ ಎಳೆದು ಕಣ್ಣೀರ ಹನಿಯ ಆಕಾರಕ್ಕೆ ತಿರುಗುತ್ತದೆ. ಈ ಹನಿ ಕಂಡರೆ ಹೆಚ್ಚು ಹುಡುಕಬೇಕಿಲ್ಲ. ಎಡದ ನಾಳಕ್ಕೆ, ಸಿಮಿಟಾರ್‌ಗೆ ಟಿಇಇ ಸಾಲದು. ಅವು ಅದರ ಕಣ್ಣಳತೆಯ ಹೊರಗೆ ಹೋಗಿ ಸೇರುತ್ತವೆ.

ನಕ್ಷೆ ಬೇಕಾದರೆ ಕಾಂಟ್ರಾಸ್ಟ್ ಕೊಟ್ಟು 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಪದರಗಳ ಸಿಟಿ ಮಾಡಿಸಬೇಕು. ಕುತ್ತಿಗೆಯ ಬುಡದಿಂದ ವಪೆಯ ಕೆಳಗಿನವರೆಗೂ ಸ್ಕ್ಯಾನ್ ಹೋಗಬೇಕು. ಹೃದಯಕ್ಕಷ್ಟೇ ಸೀಮಿತವಾದರೆ ಇನಾಮಿನೇಟ್‌ನ ಕೂಡುವಿಕೆಯೂ ಐವಿಸಿಯ ಕೂಡುವಿಕೆಯೂ ಚಿತ್ರದ ಆಚೆ ಉಳಿಯುತ್ತವೆ. ಕಾಂಟ್ರಾಸ್ಟ್ ಎಸ್‌ವಿಸಿಯಲ್ಲಿ ದಟ್ಟವಾಗಿ ತುಂಬಿರುವಾಗಲೇ ಚಿತ್ರ ತೆಗೆದರೆ ಅದರ ಪ್ರಖರ ಗೆರೆಗಳು ಪಕ್ಕದ ನಾಳದ ಬಾಯಿಯನ್ನು ಮುಚ್ಚಿಹಾಕುತ್ತವೆ. ಹಿಂದೆಯೇ ಸಲೈನ್ ತಳ್ಳುವುದು ಅದಕ್ಕಾಗಿ. ಎಡದ ನಾಳದ ಗುಮಾನಿ ಇದ್ದರೆ ಬಲಗೈಗೆ ಕೊಡುವುದು ಒಳ್ಳೆಯದು. ಎಂಆರ್‌ಐ ವಿಕಿರಣವಿಲ್ಲದೆ ನಕ್ಷೆಯ ಜತೆ ಹರಿವನ್ನೂ ಅಳೆಯುತ್ತದೆ: ಶ್ವಾಸಕೋಶದ ಅಪಧಮನಿಯಲ್ಲಿ ಎಷ್ಟು, ಮಹಾಧಮನಿಯಲ್ಲಿ ಎಷ್ಟು ಎಂದು ನೋಡಿ ಭಾಗಿಸಿದರೆ ಅನುಪಾತ ಸಿಗುತ್ತದೆ. ಬಲ ಹೃತ್ಕುಕ್ಷಿಯ ಗಾತ್ರವನ್ನು ವರ್ಷ ವರ್ಷ ಹೋಲಿಸುವುದಕ್ಕೂ ಅದೇ ಮೇಲು.

ಎಡಕ್ಕೆ ಕಾಣುವ ಎರಡು ನಾಳಗಳ ಗೊಂದಲ

ಮಹಾಧಮನಿಯ ಕಮಾನಿನ ಎಡಪಕ್ಕದಲ್ಲಿ ಇರಬಾರದ ನಾಳವೊಂದು ಸಿಟಿಯಲ್ಲಿ ಕಂಡರೆ ಎರಡು ಸಾಧ್ಯತೆಗಳು. ಒಂದು, ಮೇಲೆ ಹೇಳಿದ ದಾರಿ ತಪ್ಪಿದ ಎಡ ಮೇಲ್ಭಾಗದ ನಾಳ. ಇನ್ನೊಂದು, ಭ್ರೂಣದಲ್ಲಿ ಎರಡಿದ್ದ ಎಸ್‌ವಿಸಿಗಳಲ್ಲಿ ಎಡದ್ದು ಮಾಯವಾಗದೆ ಉಳಿದುಕೊಂಡದ್ದು. ಈ ಎಡ ಎಸ್‌ವಿಸಿ ಜನಸಂಖ್ಯೆಯ ಸುಮಾರು ಶೇ. 0.3ರಿಂದ 0.5ರಲ್ಲಿ ಇರುತ್ತದೆ. ಹೆಚ್ಚಿನವರಲ್ಲಿ ಅದು ಹೃದಯದ ಸ್ವಂತ ಅಭಿಧಮನಿಗಳ ರಕ್ತ ಕೂಡುವ ಕೊರೊನರಿ ಸೈನಸ್ ಮೂಲಕ ಬಲ ಹೃತ್ಕರ್ಣಕ್ಕೇ ಸೇರುವುದರಿಂದ ಚಿಕಿತ್ಸೆಯೇ ಬೇಡ.

ಬಿಡಿಸುವ ಬಗೆ ಸರಳ. ಎಡ ಮುಖ್ಯ ಶ್ವಾಸನಾಳದ ಮಟ್ಟದಲ್ಲಿ ನಿಂತು ಅದರ ಮುಂದೆ ಎಷ್ಟು ನಾಳಗಳಿವೆ ಎಂದು ಎಣಿಸಬೇಕು. ಎಡ ಎಸ್‌ವಿಸಿಯಾದರೆ ಎರಡು ಇರುತ್ತವೆ, ಅದು ಮತ್ತು ಸ್ವಸ್ಥಾನದಲ್ಲೇ ಇರುವ ಎಡ ಮೇಲ್ಭಾಗದ ನಾಳ. ಕೆಳಗೆ ಕೊರೊನರಿ ಸೈನಸ್ ದಪ್ಪಗಾಗಿರುತ್ತದೆ. ಪಿಎಪಿವಿಸಿಯಾದರೆ ಆ ಜಾಗ ಖಾಲಿ, ಕೊರೊನರಿ ಸೈನಸ್ ಮಾಮೂಲು. ಹರಿವಿನ ದಿಕ್ಕೂ ಬೇರೆ: ಎಡ ಎಸ್‌ವಿಸಿಯಲ್ಲಿ ರಕ್ತ ಕೆಳಗಿಳಿಯುತ್ತದೆ, ದಾರಿ ತಪ್ಪಿದ ನಾಳದಲ್ಲಿ ಮೇಲೇರುತ್ತದೆ.

ಎಡ ಎಸ್‌ವಿಸಿ ನಿರುಪದ್ರವಿಯಾದರೂ ಪೇಸ್‌ಮೇಕರ್ ತಂತಿ ಎಡಗಡೆಯಿಂದ ಹಾಕುವಾಗ ಬೆವರಿಳಿಸುತ್ತದೆ. ತಂತಿ ಬೆನ್ನುಮೂಳೆಯ ಎಡಕ್ಕೇ ಇಳಿದು, ಕೊರೊನರಿ ಸೈನಸ್ ಹೊಕ್ಕು, ಬಲ ಹೃತ್ಕರ್ಣದಲ್ಲಿ ಸುತ್ತು ಹೊಡೆದು ಹೃತ್ಕುಕ್ಷಿಗೆ ತಿರುಗಬೇಕು. ಅಪರೂಪಕ್ಕೆ ಎಡ ಎಸ್‌ವಿಸಿ ಎಡ ಹೃತ್ಕರ್ಣಕ್ಕೇ ಸೇರುವುದುಂಟು. ಆಗ ಎಡಗೈಯಲ್ಲಿ ಕೊಟ್ಟ ಡ್ರಿಪ್‌ನ ಗಾಳಿಗುಳ್ಳೆಯೂ ಸಣ್ಣ ಹೆಪ್ಪೂ ನೇರ ಮೆದುಳಿಗೆ ಹೋಗಬಹುದು. ಇಲ್ಲಿ ಗುಳ್ಳೆ ಪರೀಕ್ಷೆಗೆ ಬೆಲೆ ಇದೆ, ಎಡಗೈಯಿಂದ ಮಾಡಿದರೆ ಮಾತ್ರ: ಗುಳ್ಳೆ ಮೊದಲು ಕೊರೊನರಿ ಸೈನಸ್‌ನಲ್ಲಿ ಕಾಣುತ್ತದೆಯೋ ಎಡ ಹೃತ್ಕರ್ಣದಲ್ಲೋ ಎಂಬುದೇ ಉತ್ತರ.

ಕ್ಯಾತಿಟರ್ ಮೇಜಿನ ಮೇಲೆ

ಒತ್ತಡ ಏರಿದ್ದರೆ, ಸ್ಕ್ಯಾನ್‌ಗಳು ಒಂದಕ್ಕೊಂದು ಹೊಂದದಿದ್ದರೆ, ಬಲ ಹೃದಯದೊಳಗೆ ಕೊಳವೆ ಕಳಿಸಿ ಅಳೆಯಬೇಕಾಗುತ್ತದೆ. ರಕ್ತದ ಮಾದರಿ ತೆಗೆಯುವ ಜಾಗ ಒಂದೆರಡು ಇಂಚು ತಪ್ಪಿದರೆ ಇಡೀ ತೀರ್ಮಾನ ಮಗುಚಿಬೀಳುವುದು ಇಲ್ಲಿಯೇ.

ಸೂತ್ರ ಹೀಗಿದೆ. ಎಸ್‌ವಿಸಿಯ ಆಮ್ಲಜನಕದ ಶೇಕಡಾವಾರನ್ನು ಮೂರರಿಂದ ಗುಣಿಸಿ, ಐವಿಸಿಯದ್ದನ್ನು ಕೂಡಿಸಿ, ನಾಲ್ಕರಿಂದ ಭಾಗಿಸಿದರೆ ಮೈಯಿಂದ ಮರಳುವ ರಕ್ತದ ಸರಾಸರಿ. ಮಹಾಧಮನಿಯ ಅಂಕದಿಂದ ಅದನ್ನು ಕಳೆಯಬೇಕು. ಸರಿಯಾದ ದಾರಿಯಲ್ಲೇ ಇರುವ ಶ್ವಾಸಕೋಶದ ಅಭಿಧಮನಿಯೊಂದರ ಅಂಕದಿಂದ ಶ್ವಾಸಕೋಶದ ಅಪಧಮನಿಯ ಅಂಕವನ್ನು ಕಳೆಯಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಕ್ಯೂಪಿ-ಕ್ಯೂಎಸ್.

ಲೆಕ್ಕಕ್ಕೆಂದು ಕೆಲವು ಅಂಕ ಹಿಡಿಯೋಣ: ಮಹಾಧಮನಿ 98, ಶ್ವಾಸಕೋಶದ ಅಭಿಧಮನಿ 98, ಶ್ವಾಸಕೋಶದ ಅಪಧಮನಿ 86, ಐವಿಸಿ 72. ಎಸ್‌ವಿಸಿಯ ಮಾದರಿಯನ್ನು ಮೇಲೆ, ತಪ್ಪಿದ ನಾಳ ಸೇರುವುದಕ್ಕಿಂತ ಮೊದಲು ತೆಗೆದರೆ 68. ಸರಾಸರಿ 69. 29 ಭಾಗ 12, ಅಂದರೆ 2.4. ಅದೇ ಮಾದರಿಯನ್ನು ರೂಢಿಯಂತೆ ಕೆಳಗೆ, ಹೃತ್ಕರ್ಣದ ಬಾಯಲ್ಲಿ ತೆಗೆದರೆ ಶ್ವಾಸಕೋಶದ ಕೆಂಪು ರಕ್ತ ಆಗಲೇ ಬೆರೆತಿರುತ್ತದೆ, 84 ಬರಬಹುದು. ಸರಾಸರಿ 81. 17 ಭಾಗ 12, ಅಂದರೆ 1.4. ಅದೇ ರೋಗಿ, ಅದೇ ದಿನ. ಒಂದು ಅಂಕ ಆಪರೇಷನ್ ಎನ್ನುತ್ತದೆ, ಇನ್ನೊಂದು ಮನೆಗೆ ಕಳಿಸುತ್ತದೆ. ಎರಡೂ ಮಟ್ಟದಲ್ಲಿ ತೆಗೆದಿದ್ದರೆ ಒಂದೇ ನಾಳದೊಳಗಿನ 16 ಅಂಕದ ಜಿಗಿತವೇ ದೋಷವನ್ನು ತೋರಿಸಿಕೊಡುತ್ತಿತ್ತು.

ಒತ್ತಡವನ್ನು ಓದುವಾಗಲೂ ಇದೇ ಎಚ್ಚರ ಬೇಕು. ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 28 ಮಿ.ಮೀ., ವೆಜ್ ಒತ್ತಡ (ಕೊಳವೆಯನ್ನು ಅಪಧಮನಿಯ ಕವಲಿನಲ್ಲಿ ಸಿಕ್ಕಿಸಿ ಅಂದಾಜಿಸುವ ಎಡ ಹೃತ್ಕರ್ಣದ ಒತ್ತಡ) 10, ಶ್ವಾಸಕೋಶದ ಹರಿವು 12 ಲೀಟರ್ ಇದ್ದರೆ ಶ್ವಾಸಕೋಶದ ನಾಳಗಳ ಪ್ರತಿರೋಧ 18 ಭಾಗ 12, ಅಂದರೆ ಅದರ ಅಳತೆಯಾದ ವುಡ್ ಯೂನಿಟ್‌ನಲ್ಲಿ 1.5. ಸರಾಸರಿ 20 ದಾಟಿದ್ದರಿಂದ ಪಲ್ಮನರಿ ಹೈಪರ್‌ಟೆನ್ಷನ್ ಎಂಬ ಹಣೆಪಟ್ಟಿ ಬೀಳುತ್ತದೆ, ಆದರೆ ನಾಳಗಳು ಕೆಟ್ಟಿಲ್ಲ, ಹರಿವೇ ಹೆಚ್ಚು. ಇಂಥವರಿಗೆ ನಾಳ ಹಿಗ್ಗಿಸುವ ಮಾತ್ರೆ ಕೊಟ್ಟರೆ ವ್ಯರ್ಥ ಸುತ್ತು ಇನ್ನಷ್ಟು ಹೆಚ್ಚಬಹುದು. ವೆಜ್ ಅಳೆಯಲು ಕೊಳವೆ ತಪ್ಪಿದ ನಾಳದ ಭಾಗದಲ್ಲೇ ಸಿಕ್ಕಿಕೊಂಡರೆ ಸಿಗುವುದು ಎಡ ಹೃತ್ಕರ್ಣದ ಒತ್ತಡವಲ್ಲ, ಬಲದ್ದು.

ಯಾರಿಗೆ ಆಪರೇಷನ್

ಅಮೆರಿಕದ ಹೃದಯತಜ್ಞ ಸಂಘಗಳ 2018ರ ಮಾರ್ಗಸೂಚಿ ಆಪರೇಷನ್ ಮಾಡಿ ಎನ್ನುವುದು ಇಷ್ಟು ಕೂಡಿದಾಗ: ಶ್ರಮ ತಡೆಯುವ ಶಕ್ತಿ ಕುಗ್ಗಿರಬೇಕು, ಬಲ ಹೃತ್ಕುಕ್ಷಿ ಹಿಗ್ಗಿರಬೇಕು, ಅನುಪಾತ 1.5 ಅಥವಾ ಹೆಚ್ಚಿರಬೇಕು, ಶ್ವಾಸಕೋಶದ ಅಪಧಮನಿಯ ಸಿಸ್ಟಾಲಿಕ್ ಒತ್ತಡ ಮೈಯ ಒತ್ತಡದ ಅರ್ಧಕ್ಕಿಂತ, ಪ್ರತಿರೋಧ ಮೈಯದ್ದರ ಮೂರನೇ ಒಂದಕ್ಕಿಂತ ಕಡಿಮೆಯಿರಬೇಕು. ಹೃತ್ಕರ್ಣದ ರಂಧ್ರಗಳ ಬಗ್ಗೆ ಯುರೋಪಿನ 2020ರ ಮಾರ್ಗಸೂಚಿ ಪ್ರತಿರೋಧ 3 ವುಡ್ ಯೂನಿಟ್‌ಗಿಂತ ಕಡಿಮೆಯಿದ್ದರೆ ಸಲೀಸು ಎನ್ನುತ್ತದೆ. 5 ದಾಟಿದರೆ ಮೊದಲು ಔಷಧ, ಇಳಿದರಷ್ಟೇ ಮುಂದಿನ ಮಾತು.

ಒಂದೇ ನಾಳ ತಪ್ಪಿ, ಬಲ ಹೃದಯ ಮಾಮೂಲು ಗಾತ್ರದಲ್ಲಿದ್ದು, ಅನುಪಾತ 1.3ರ ಆಸುಪಾಸಿನಲ್ಲಿದ್ದರೆ ಚಾಕು ಹಾಕುವ ಪ್ರಮೇಯವಿಲ್ಲ. ಹೆಸರು ಭಯಂಕರವಾಗಿದೆ ಎಂಬ ಒಂದೇ ಕಾರಣಕ್ಕೆ ಎದೆ ತೆರೆಸಿಕೊಳ್ಳುವುದು, ತೀರ ನಿರ್ಲಕ್ಷಿಸುವಷ್ಟೇ ದೊಡ್ಡ ತಪ್ಪು. ಕೆಲವು ವರ್ಷಕ್ಕೊಮ್ಮೆ ಎಕೋ ಅಥವಾ ಎಂಆರ್‌ಐ ಸಾಕು.

ಇಂಥವರು ಮರೆಯಬಾರದ್ದು ಒಂದಿದೆ. ಮುಂದೆಂದಾದರೂ ಶ್ವಾಸಕೋಶ ತೆಗೆಯುವ ಆಪರೇಷನ್ ಬಂದರೆ ಸರ್ಜನ್‌ಗೆ ಇದನ್ನು ಮೊದಲೇ ಹೇಳಬೇಕು. ಬಲ ಮೇಲ್ಭಾಗದ ನಾಳ ತಪ್ಪಿ, ಒಟ್ಟು ಹರಿವಿನ ಶೇ. 25ರಷ್ಟು ಬಲಕ್ಕೆ ಮರಳುತ್ತಿದೆ ಎನ್ನೋಣ. ಕ್ಯಾನ್ಸರ್‌ಗಾಗಿ ಎಡ ಶ್ವಾಸಕೋಶ ಪೂರ್ತಿ ತೆಗೆದರೆ ಎಲ್ಲ ರಕ್ತವೂ ಬಲ ಶ್ವಾಸಕೋಶಕ್ಕೇ ಹೋಗುತ್ತದೆ. ಮೊದಲು ಬಲ ಶ್ವಾಸಕೋಶದ ಪಾಲು ಶೇ. 55 ಇತ್ತಾದ್ದರಿಂದ, ತಪ್ಪಿದ ನಾಳದ ಪಾಲು 55ರಲ್ಲಿ 25, ಅಂದರೆ ಸುಮಾರು ಶೇ. 45ಕ್ಕೆ ಏರುತ್ತದೆ, ಅನುಪಾತ 1.3ರಿಂದ 1.8ಕ್ಕೆ ಜಿಗಿಯುತ್ತದೆ. ಆಗಲೇ ಪೆಟ್ಟು ತಿಂದ ಬಲ ಹೃದಯ ಆಪರೇಷನ್ ಆದ ರಾತ್ರಿಯೇ ಸೋಲಬಹುದು. ತೆಗೆಯುವ ಭಾಗವೂ ತಪ್ಪಿದ ನಾಳದ ಭಾಗವೂ ಒಂದೇ ಆದರೆ, ಅದರೊಂದಿಗೆ ದೋಷವೂ ಹೋಗುತ್ತದೆ.

ದುರಸ್ತಿಯ ಬಗೆ ನಾಳ ಎಲ್ಲಿ ಸೇರುತ್ತದೆ ಎಂಬುದರ ಮೇಲಿದೆ. ಎಸ್‌ವಿಸಿಯ ಬುಡದಲ್ಲೇ ಸೇರಿದರೆ ಒಳಗೊಂದು ತೇಪೆ ಹಾಕಿ ರಕ್ತವನ್ನು ರಂಧ್ರದ ಮೂಲಕ ಎಡಕ್ಕೆ ತಿರುಗಿಸಬಹುದು. ಮೇಲೆ ಸೇರಿದರೆ ಉದ್ದ ತೇಪೆ ಎಸ್‌ವಿಸಿಯನ್ನು ಕಿರಿದಾಗಿಸುತ್ತದೆ, ಹೊಲಿಗೆ ಸೈನಸ್ ನೋಡ್‌ಗೆ ಪೆಟ್ಟು ಕೊಡುತ್ತದೆ. ಅದಕ್ಕೆ 1984ರಲ್ಲಿ ಹರ್ಬರ್ಟ್ ವಾರ್ಡನ್ ಮತ್ತು ಸಂಗಡಿಗರು ಪ್ರಕಟಿಸಿದ ಉಪಾಯವಿದೆ: ತಪ್ಪಿದ ನಾಳಕ್ಕಿಂತ ಮೇಲೆ ಎಸ್‌ವಿಸಿಯನ್ನು ಕತ್ತರಿಸಿ, ಮೇಲಿನ ತುದಿಯನ್ನು ಬಲ ಹೃತ್ಕರ್ಣದ ಕಿವಿಯಂಥ ಭಾಗಕ್ಕೆ ಹೊಲಿಯುವುದು. ಕೆಳಗುಳಿದ ತುಂಡು ಶ್ವಾಸಕೋಶದ ರಕ್ತಕ್ಕೇ ಮೀಸಲಾಗಿ ತೇಪೆಯ ಮೂಲಕ ಎಡಕ್ಕೆ ಹರಿಯುತ್ತದೆ. ಎಡದ ನಾಳವನ್ನು ಇನಾಮಿನೇಟ್‌ನಿಂದ ಬಿಡಿಸಿ ಎಡ ಹೃತ್ಕರ್ಣದ ಕಿವಿಗೆ ಜೋಡಿಸುತ್ತಾರೆ. ಸಿಮಿಟಾರ್‌ನಲ್ಲಿ ದಾರಿ ಉದ್ದವಾದ್ದರಿಂದ ಆಮೇಲೆ ಕಿರಿದಾಗುವ ಭಯ ಹೆಚ್ಚು.

ಸೈನಸ್ ವೀನೋಸಸ್ ರಂಧ್ರಕ್ಕೆ ಮೇಲಂಚೇ ಇಲ್ಲ, ಹಾಗಾಗಿ ಮಾಮೂಲಿ ಕೊಡೆಯಂಥ ಡಿವೈಸ್ ಅಲ್ಲಿ ಹಿಡಿದು ನಿಲ್ಲುವುದಿಲ್ಲ. ಆಯ್ದ ಕೆಲವರಲ್ಲಿ ಎಸ್‌ವಿಸಿಯೊಳಗೆ ಹೊದಿಕೆಯುಳ್ಳ ಸ್ಟೆಂಟ್ ಇಟ್ಟು, ಅದರ ಹಿಂದಿನಿಂದ ಶ್ವಾಸಕೋಶದ ರಕ್ತ ಎಡಕ್ಕೆ ಹೋಗುವಂತೆ ಮಾಡುತ್ತಾರೆ. ಮೊದಲು ಬಲೂನ್ ಉಬ್ಬಿಸಿ, ನಾಳಕ್ಕೆ ತಡೆಯಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೆ. ನಡುಗೋಡೆಯ ಮಾಮೂಲಿ ರಂಧ್ರವನ್ನು ಡಿವೈಸ್‌ನಿಂದ ಮುಚ್ಚಿದ ಮೇಲೂ ಬಲ ಹೃದಯ ಕುಗ್ಗದಿದ್ದರೆ, ಎಣಿಸದೆ ಬಿಟ್ಟ ನಾಳವೊಂದು ಇದೆಯೇ ಎಂದು ಹಿಂತಿರುಗಿ ನೋಡಬೇಕು.

ಆಪರೇಷನ್ ಆದವರು ಗಮನಿಸಬೇಕಾದ ಲಕ್ಷಣಗಳು ಎರಡು ಬಗೆ. ಬೆಳಗ್ಗೆ ಎದ್ದಾಗ ಮುಖ ಊದಿರುವುದು, ಬಗ್ಗಿದರೆ ತಲೆ ಭಾರವಾಗುವುದು, ಕುತ್ತಿಗೆ ಮತ್ತು ಕೈಯ ನರ ಉಬ್ಬುವುದು ಎಸ್‌ವಿಸಿ ಕಿರಿದಾದುದರ ಗುರುತು. ಬಿಡದ ಕೆಮ್ಮು, ಕಫದಲ್ಲಿ ರಕ್ತ, ಶ್ವಾಸಕೋಶದ ಒಂದೇ ಭಾಗದಲ್ಲಿ ನೀರು ನಿಂತಂತೆ ಎಕ್ಸ್‌ರೇಯಲ್ಲಿ ಕಾಣುವುದು ಜೋಡಿಸಿದ ಅಭಿಧಮನಿ ಕಟ್ಟುತ್ತಿರುವುದರ ಗುರುತು. ಎರಡನ್ನೂ ಬಲೂನ್ ಅಥವಾ ಸ್ಟೆಂಟ್‌ನಿಂದ ಸರಿಪಡಿಸುವ ಅವಕಾಶವಿದೆ, ಪೂರ್ತಿ ಮುಚ್ಚುವ ಮೊದಲು ಹೋದರೆ. ತೇಪೆ ಹಾಕಿದ ಮೊದಲ 6 ತಿಂಗಳು ಹಲ್ಲಿನ ಚಿಕಿತ್ಸೆಗೆ ಮೊದಲು ಆಂಟಿಬಯೊಟಿಕ್ ಬೇಕು. ಆಪರೇಷನ್ ಟಿಪ್ಪಣಿಯ ಒಂದು ಪ್ರತಿ ಕೈಯಲ್ಲಿರಲಿ. ವಾರ್ಡನ್ ದುರಸ್ತಿಯಾದವರಿಗೆ ಹತ್ತು ವರ್ಷದ ನಂತರ ಪೇಸ್‌ಮೇಕರ್ ಬೇಕಾದರೆ, ತಂತಿ ಇಳಿಸುವವರು ಎಸ್‌ವಿಸಿ ಹೃತ್ಕರ್ಣದ ಕಿವಿಯೊಳಗೆ ತಿರುಗಿರುವುದನ್ನು ಮೇಜಿನ ಮೇಲೆ ಕಂಡುಕೊಳ್ಳುವಂತಾಗಬಾರದು.